“ಕೂಸಿಗೆ ಏನು ಗೊತ್ತಾಗುತ್ತೆ?”



ಸ್ವಲ್ಪ ದಿನಗಳ ಹಿಂದೆ ನಮ್ಮ ದೇವಾಲಯದಲ್ಲಿ ಮೂರು ತಿಂಗಳ ಒಂದು ಕೂಸಿಗೆ ಜ್ಞಾನಸ್ನಾನವಾಯಿತು. ಗುರುಗಳು ತಲೆಗೆ ನೀರು ಹಾಕಿದಾಗ ಅತ್ತಿತು, ಒರೆಸಿದ ಮೇಲೆ ಸುಮ್ಮನಾಯಿತು. ಆಮೇಲೆ ಎಲ್ಲರೂ ಸುತ್ತ ನಿಂತು ಫೋನ್ ಹಿಡಿದೆವು. ಯುವಜನರ ಗುಂಪಿನವರಾದ ನಾವೇ ಎಲ್ಲರಿಗಿಂತ ಮುಂದೆ ಇದ್ದೆವು. ಸಂಜೆ ಆ ವಿಡಿಯೋ ಹಾಕಿ ನೋಡಿದಾಗ ಒಂದು ವಿಷಯ ಕಣ್ಣಿಗೆ ಬಿತ್ತು. ಕೂಸು ಒಂದು ಫೋನಿನಿಂದ ಇನ್ನೊಂದು ಫೋನಿನ ಕಡೆಗೆ ತಲೆ ತಿರುಗಿಸುತ್ತಿದೆ. ಬಾಯಿ ಅರ್ಧ ತೆರೆದಿದೆ, ನಗಲು ತಯಾರಾಗಿದೆ. ಆದರೆ ಯಾರ ಮುಖ ನೋಡಿ ನಗಬೇಕು? ಎಲ್ಲರ ಮುಖದ ಮುಂದೆಯೂ ಫೋನು. ಕೊನೆಗೆ ಅದು ಅವ್ವನ ಎದೆಗೆ ಮುಖ ಒತ್ತಿಕೊಂಡಿತು.

ಆ ಮನೆಯವರ ಒಪ್ಪಿಗೆ ಪಡೆದು, ಜ್ಞಾನಸ್ನಾನಕ್ಕೆ ಮುಂಚೆ ತಂದೆತಾಯಂದಿರಿಗಾಗಿ ನಡೆಯುವ ತರಗತಿಯಲ್ಲಿ ಈ ವಿಡಿಯೋ ತೋರಿಸಿದೆವು. ಒಬ್ಬ ಅಪ್ಪ ನಕ್ಕು ಕೇಳಿದರು: “ಅಷ್ಟು ಚಿಕ್ಕ ಕೂಸಿಗೆ ಏನು ಗೊತ್ತಾಗುತ್ತೆ ಬಿಡಿ?” ಅವರು ತಮಾಷೆಗೆ ಕೇಳಿರಬಹುದು. ಆದರೆ ನಮ್ಮ ಮನೆಗಳಲ್ಲಿ ಬಹಳ ಜನ ನಿಜವಾಗಿಯೇ ಹಾಗೆ ತಿಳಿದಿದ್ದಾರೆ. ಆದ್ದರಿಂದ ಈ ಸಲದ ಪಾಠ ಇದೇ. ನಾವು ಡಾಕ್ಟರುಗಳಲ್ಲ. ಬಿಎಸ್ಸಿಯಲ್ಲಿ ಕಲಿತದ್ದನ್ನೂ ಆಮೇಲೆ ಓದಿದ್ದನ್ನೂ ಸೇರಿಸಿ, ನಮಗೆ ಗಟ್ಟಿಯಾಗಿ ಗೊತ್ತಿರುವುದನ್ನಷ್ಟೇ ಹೇಳುತ್ತೇವೆ.

ಹುಟ್ಟಿದ ಕೂಸಿಗೆ ದೂರದ್ದು ಮಸುಕು. ಸುಮಾರು 20ರಿಂದ 30 ಸೆಂಟಿಮೀಟರ್ ದೂರದಲ್ಲಿರುವುದು ಮಾತ್ರ ಚೆನ್ನಾಗಿ ಕಾಣುತ್ತದೆ. ಹಾಲು ಕುಡಿಯುವಾಗ ಕೂಸಿನ ಕಣ್ಣಿಗೂ ತಾಯಿಯ ಮುಖಕ್ಕೂ ಇರುವ ದೂರ ಹೆಚ್ಚುಕಡಿಮೆ ಅಷ್ಟೇ. ಮುಖದಂತೆ ಕಾಣುವ ಚಿತ್ರವನ್ನೂ, ಅದೇ ಕಣ್ಣು ಮೂಗು ಬಾಯಿಗಳನ್ನು ಕಲಸಿ ಬರೆದ ಚಿತ್ರವನ್ನೂ ಕೂಸಿನ ಮುಂದೆ ನಿಧಾನವಾಗಿ ಸರಿಸಿದರೆ, ಮುಖದಂತಿರುವುದನ್ನೇ ಅದು ಹೆಚ್ಚು ಹಿಂಬಾಲಿಸುತ್ತದೆ. ಹುಟ್ಟಿದ ಮೊದಲ ಗಂಟೆಗಳಲ್ಲೇ ಹೀಗೆ. ತಾಯಿಯ ಎದೆಹಾಲಿನ ವಾಸನೆಯನ್ನು ಒಂದು ವಾರದೊಳಗೆ ಬೇರೆ ತಾಯಿಯದರಿಂದ ಬೇರ್ಪಡಿಸಿ ಗುರುತಿಸುತ್ತದೆ.

ಕಿವಿಯಂತೂ ಹೊಟ್ಟೆಯಲ್ಲಿರುವಾಗಲೇ ಕೆಲಸ ಶುರುಮಾಡಿರುತ್ತದೆ. 1980ರಲ್ಲಿ ಅಮೆರಿಕದ ಡಿಕ್ಯಾಸ್ಪರ್ ಮತ್ತು ಫೈಫರ್ ಎಂಬ ಸಂಶೋಧಕರು ಮೂರು ದಿನವೂ ತುಂಬದ ಕೂಸುಗಳ ಬಾಯಿಗೆ ಚೀಪುವ ನಿಪ್ಪಲ್ ಕೊಟ್ಟರು. ಒಂದು ರೀತಿಯಲ್ಲಿ ಚೀಪಿದರೆ ತನ್ನ ತಾಯಿಯ ದನಿ ಕೇಳುತ್ತದೆ, ಇನ್ನೊಂದು ರೀತಿಯಲ್ಲಿ ಚೀಪಿದರೆ ಬೇರೆ ಹೆಂಗಸಿನ ದನಿ. ಕೂಸುಗಳು ತಾಯಿಯ ದನಿ ಬರುವ ಹಾಗೆಯೇ ತಮ್ಮ ಚೀಪುವಿಕೆಯನ್ನು ಬದಲಾಯಿಸಿಕೊಂಡವು. ಅಪ್ಪಂದಿರ ದನಿಯನ್ನೂ ಇದೇ ರೀತಿ ಪರೀಕ್ಷಿಸಿದ್ದಾರೆ. ಹೊಸ ಕೂಸಿಗೆ ತನ್ನ ಅಪ್ಪನ ದನಿಯೂ ಬೇರೆ ಗಂಡಸಿನ ದನಿಯೂ ಬೇರೆಬೇರೆ ಎಂದು ಗೊತ್ತಾಗುತ್ತದೆ, ಆದರೆ ಅಪ್ಪನದೇ ಬೇಕು ಎಂದು ಹಟವಿಲ್ಲ. ಅಪ್ಪಂದಿರು ಬೇಸರ ಮಾಡಿಕೊಳ್ಳಬೇಡಿ. ತಾಯಿ ಒಂಬತ್ತು ತಿಂಗಳು ಮುಂದಿದ್ದಾಳೆ, ಅಷ್ಟೇ. ನೀವು ಮಾತಾಡಿಸಿ ಸಂಪಾದಿಸಿಕೊಳ್ಳಬೇಕು.

ದನಿಯ ಮಾತು ಬಂದದ್ದರಿಂದ ಭಾಷೆಯ ಮಾತನ್ನೂ ಇಲ್ಲೇ ಹೇಳಿಬಿಡುತ್ತೇವೆ, ಏಕೆಂದರೆ ತರಗತಿಯಲ್ಲಿ ಎಲ್ಲರೂ ಕೇಳುವ ಪ್ರಶ್ನೆ ಇದು. ನಮ್ಮದು ತಾಳವಾಡಿ ಕಡೆ. ಮನೆಯಲ್ಲಿ ಕನ್ನಡ, ಬಸ್ಸಿನಲ್ಲಿ ತಮಿಳು, ಪಕ್ಕದ ಮನೆಯಲ್ಲಿ ಒಮ್ಮೊಮ್ಮೆ ಮಲಯಾಳ, ಶಾಲೆಗೆ ಸೇರಿದರೆ ಇಂಗ್ಲಿಷು. ಮಗುವಿಗೆ ಗೊಂದಲವಾಗುತ್ತದೆ ಎಂದು ಹೆದರಿ ಕೆಲವರು ಹುಟ್ಟಿದ ದಿನದಿಂದಲೇ ತಮಗೇ ಸರಿಯಾಗಿ ಬಾರದ ಭಾಷೆಯಲ್ಲಿ ಕೂಸಿನೊಂದಿಗೆ ಮಾತಾಡಲು ಹೊರಡುತ್ತಾರೆ. ಕೆನಡಾದ ವ್ಯಾಂಕೂವರಿನಲ್ಲಿ ನಡೆದ ಒಂದು ಅಧ್ಯಯನ 2010ರಲ್ಲಿ ಪ್ರಕಟವಾಯಿತು. ಬಸಿರಿನಲ್ಲಿ ಇಂಗ್ಲಿಷ್ ಮತ್ತು ಫಿಲಿಪೀನ್ಸಿನ ತಗಲಾಗ್ ಎರಡನ್ನೂ ಮಾತಾಡುತ್ತಿದ್ದ ತಾಯಂದಿರ ಕೂಸುಗಳನ್ನು, ಇಂಗ್ಲಿಷ್ ಮಾತ್ರ ಕೇಳಿದ್ದ ಕೂಸುಗಳ ಜೊತೆ ಹೋಲಿಸಿ ನೋಡಿದರು. ಇಂಗ್ಲಿಷ್ ಮಾತ್ರ ಕೇಳಿದವು ಇಂಗ್ಲಿಷಿಗೇ ಹೆಚ್ಚು ಕಿವಿಗೊಟ್ಟವು. ಎರಡು ಭಾಷೆ ಕೇಳಿದವು ಎರಡಕ್ಕೂ ಸಮನಾಗಿ ಕಿವಿಗೊಟ್ಟವು. ಹಾಗಂತ ಅವು ಎರಡನ್ನೂ ಕಲಸಿಕೊಂಡಿರಲಿಲ್ಲ, ಇದು ಬೇರೆ ಅದು ಬೇರೆ ಎಂದು ಗುರುತಿಸುತ್ತಿದ್ದವು. ಹುಟ್ಟಿ ಕೆಲವೇ ದಿನಗಳಾದ ಕೂಸುಗಳು ಇವು! ಆದ್ದರಿಂದ ನಿಮಗೆ ಯಾವ ಭಾಷೆಯಲ್ಲಿ ನಗಿಸಲು, ರೇಗಿಸಲು, ಜೋಗುಳ ಹಾಡಲು ಬರುತ್ತದೋ ಆ ಭಾಷೆಯಲ್ಲಿ ಕೂಸಿನೊಂದಿಗೆ ಮಾತಾಡಿ. ಕನ್ನಡದಲ್ಲಿ ಲಲ್ಲೆಗರೆದರೆ ಮುಂದೆ ತಮಿಳು ಬಾರದೆ ಹೋಗುವುದಿಲ್ಲ.

ಇನ್ನು ನಗುವಿನ ವಿಷಯ. ಕೂಸು ನಿದ್ದೆಯಲ್ಲಿ ನಕ್ಕರೆ ಸಮ್ಮನಸ್ಸುಗಳು ಆಡಿಸುತ್ತಿವೆ ಎನ್ನುತ್ತಾರೆ ನಮ್ಮ ಅಜ್ಜಿಯಂದಿರು. ಆ ನಗು ಯಾರನ್ನೂ ನೋಡಿ ಬಂದದ್ದಲ್ಲ ಎಂದು ವಿಜ್ಞಾನವೂ ಹೇಳುತ್ತದೆ. ನಮ್ಮ ಮುಖ ನೋಡಿ, ನಮಗಾಗಿ ನಗುವ ನಗು ಬರುವುದು ಸುಮಾರು ಆರರಿಂದ ಎಂಟು ವಾರಕ್ಕೆ. ಅಲ್ಲಿಂದ ಮುಂದೆ ಶುರುವಾಗುವುದೇ ನಿಜವಾದ ಮಾತುಕತೆ. ನಾವು “ಏನಪ್ಪಾ?” ಅಂದರೆ ಅದು “ಊಂ” ಅನ್ನುತ್ತದೆ. ನಾವು ಸುಮ್ಮನಾದರೆ ಅದು ಶುರುಮಾಡುತ್ತದೆ. ಸರದಿ ಸರದಿಯಾಗಿ, ಕೆಲವು ದೊಡ್ಡವರಿಗಿಂತ ಮರ್ಯಾದೆಯಾಗಿ ಮಾತಾಡುತ್ತದೆ.

ಈ ಮಾತುಕತೆ ಕೂಸಿಗೆ ಎಷ್ಟು ಮುಖ್ಯ ಎಂಬುದನ್ನು ಎಡ್ವರ್ಡ್ ಟ್ರಾನಿಕ್ ಎಂಬ ಅಮೆರಿಕದ ಮನಶ್ಶಾಸ್ತ್ರಜ್ಞರು ಮತ್ತು ಅವರ ಜೊತೆಯವರು 1978ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ ತೋರಿಸಿದರು. ತಾಯಿ ಮೊದಲು ಕೂಸಿನೊಂದಿಗೆ ಎಂದಿನಂತೆ ಆಡುತ್ತಾಳೆ. ಆಮೇಲೆ ಕೆಲವೇ ನಿಮಿಷ ಅದರ ಎದುರಿಗೇ ಕೂತು, ಅದನ್ನೇ ನೋಡುತ್ತಾ, ಮುಖದಲ್ಲಿ ಯಾವ ಭಾವವೂ ಇಲ್ಲದೆ ಕಲ್ಲಿನಂತೆ ಇರುತ್ತಾಳೆ. ಬೈಯುವುದಿಲ್ಲ, ಬಿಟ್ಟುಹೋಗುವುದಿಲ್ಲ. ಕೂಸು ಮೊದಲು ನಗುತ್ತದೆ, ಏಕೆಂದರೆ ಯಾವಾಗಲೂ ನಕ್ಕರೆ ಅವ್ವ ನಗುತ್ತಾಳೆ. ಈಗ ನಗುವುದಿಲ್ಲ. ದನಿ ಮಾಡುತ್ತದೆ, ಕೈ ಚಾಚುತ್ತದೆ, ಬೇರೆ ಕಡೆ ನೋಡಿ ಮತ್ತೆ ತಿರುಗಿ ನೋಡುತ್ತದೆ, ಮತ್ತೆ ಪ್ರಯತ್ನಿಸುತ್ತದೆ. ಯಾವುದಕ್ಕೂ ಉತ್ತರ ಬಾರದಾಗ ಮುಖ ತಿರುಗಿಸಿ, ಮೈ ಸಡಿಲ ಬಿಟ್ಟು ಕುಗ್ಗಿಬಿಡುತ್ತದೆ. ಜ್ಞಾನಸ್ನಾನದ ದಿನ ನಮ್ಮ ಫೋನುಗಳ ನಡುವೆ ಆ ಕೂಸು ಮಾಡಿದ್ದೂ ಹೆಚ್ಚುಕಡಿಮೆ ಇದನ್ನೇ ಎಂದು ನಮಗೆ ಅನ್ನಿಸಿತು.

ಇಲ್ಲಿ ಒಂದು ಘಟನೆ ಹೇಳಬೇಕು. ನಮ್ಮ ಗುಂಪಿನವರೊಬ್ಬರ ಮನೆಯಲ್ಲಿ ನಡೆದದ್ದು, ಅವರ ಅಕ್ಕನ ಒಪ್ಪಿಗೆ ಕೇಳಿಯೇ ಬರೆಯುತ್ತಿದ್ದೇವೆ. ಬಾಣಂತನಕ್ಕೆ ತವರಿಗೆ ಬಂದಿದ್ದ ಆ ಅಕ್ಕ ಹೊತ್ತಿಗೆ ಸರಿಯಾಗಿ ಹಾಲು ಕೊಡುತ್ತಿದ್ದರು, ಬಟ್ಟೆ ಬದಲಾಯಿಸುತ್ತಿದ್ದರು, ಯಾವುದಕ್ಕೂ ಕಡಿಮೆ ಮಾಡಲಿಲ್ಲ. ಆದರೆ ಹಾಲು ಕೊಡುವಾಗ ಗೋಡೆ ನೋಡುತ್ತಿದ್ದರು. ಭಾನುವಾರ ಪೂಜೆ ಮುಗಿಸಿ ಕೂಸು ನೋಡಲು ಹೋದ ನಮಗೂ ನಾಲ್ಕು ಮಾತು ಆಡಲಿಲ್ಲ. ಹೊರಗೆ ಬಂದು ನಾವೇ “ಏನು ಜಂಭ” ಎಂದುಕೊಂಡೆವು. ಇನ್ನೊಬ್ಬರು “ಹೆಣ್ಣಾಯಿತಲ್ಲ, ಅದಕ್ಕೇ” ಎಂದರು. ಕೂಸು ಅಜ್ಜಿಯನ್ನು ನೋಡಿ ನಗುತ್ತಿತ್ತು, ಅವ್ವನ ತೊಡೆಯ ಮೇಲೆ ಮಾತ್ರ ಸುಮ್ಮನಿರುತ್ತಿತ್ತು. ಹದಿನಾಲ್ಕು ವಾರದ ಲಸಿಕೆಗೆ ಹೋದಾಗ ನರ್ಸಮ್ಮ ಒಬ್ಬರು ಮೊದಲು ಕೂಸಿನ ಬಗ್ಗೆ ಕೇಳಲಿಲ್ಲ. “ನಿನಗೆ ನಿದ್ದೆ ಬರುತ್ತಾ ತಾಯಿ?” ಎಂದು ಕೇಳಿದರು. ಅಕ್ಕ ಅಲ್ಲೇ ಕೂತು ಅತ್ತುಬಿಟ್ಟರು.

ಹೆರಿಗೆಯಾದ ಮೇಲೆ ಒಂದೆರಡು ವಾರ ಅಳು ಬರುವುದು, ಮನಸ್ಸು ಸರಿಯಿಲ್ಲದಿರುವುದು ಬಹಳ ತಾಯಂದಿರಿಗೆ ಇರುತ್ತದೆ, ತಾನಾಗಿ ಹೋಗುತ್ತದೆ. ಎರಡು ವಾರ ದಾಟಿದರೂ ಹೋಗದಿದ್ದರೆ ಅದು ಕಾಯಿಲೆ, ಅದಕ್ಕೆ ಚಿಕಿತ್ಸೆ ಇದೆ. ಜಂಭವಲ್ಲ, ದೃಷ್ಟಿಯಲ್ಲ, ಭಕ್ತಿ ಕಡಿಮೆಯಾದದ್ದೂ ಅಲ್ಲ. ಆ ಅಕ್ಕನಿಗೆ ಡಾಕ್ಟರು ಔಷಧಿ ಕೊಟ್ಟರು, ಮಾತಾಡಿಸಿದರು. ಗುಣವಾಗಲು ಕೆಲವು ತಿಂಗಳು ಹಿಡಿಯಿತು. ಅಷ್ಟು ದಿನ ಅಜ್ಜಿ ಮತ್ತು ಚಿಕ್ಕಮ್ಮ ಕೂಸಿಗೆ ತಮ್ಮ ಮುಖ ಕೊಟ್ಟರು, ಅಕ್ಕನಿಗೆ ನಿದ್ದೆ ಮಾಡಲು ಬಿಟ್ಟರು. ನಿಮ್ಮ ಮನೆಯಲ್ಲಿ ಇಂಥದ್ದು ಕಂಡರೆ ಸರಕಾರಿ ಆಸ್ಪತ್ರೆಯಲ್ಲಿ ಕೇಳಿ, ಇಲ್ಲವೇ ಟೆಲಿ ಮನಸ್ 14416ಕ್ಕೆ ಫೋನ್ ಮಾಡಿ. ದುಡ್ಡಿಲ್ಲ, ಹಗಲು ರಾತ್ರಿ ಸಿಗುತ್ತದೆ, ಕನ್ನಡದಲ್ಲೂ ತಮಿಳಿನಲ್ಲೂ ಮಾತಾಡಬಹುದು. ತಾಯಿ ಕೂಸಿಗೋ ತನಗೋ ಏನಾದರೂ ಮಾಡಿಕೊಳ್ಳುವ ಮಾತಾಡಿದರೆ ಒಂದು ದಿನವೂ ಕಾಯಬೇಡಿ.

ಇಷ್ಟು ಓದಿ ಕೆಲವು ತಾಯಂದಿರಿಗೆ ಹೆದರಿಕೆ ಬಂದಿರಬಹುದು. ನಿನ್ನೆ ಅನ್ನ ಬಾಗಿಸುವಾಗ ಕೂಸು ಕರೆದರೂ ನಾನು ನೋಡಲಿಲ್ಲವಲ್ಲ, ಎಂದು. ಅದೇ ಟ್ರಾನಿಕ್ ಮುಂದೆ ಕಂಡುಕೊಂಡದ್ದನ್ನೂ ಕೇಳಿ. ಚೆನ್ನಾಗಿರುವ ತಾಯಿ ಮಗುವಿನ ನಡುವೆಯೂ ಒಬ್ಬರಿಗೊಬ್ಬರು ಹೊಂದಿಕೊಂಡು ಆಡುವುದು ಸುಮಾರು ಮೂರನೇ ಒಂದು ಭಾಗದಷ್ಟು ಹೊತ್ತು ಮಾತ್ರ. ಉಳಿದ ಹೊತ್ತೆಲ್ಲ ತಪ್ಪಿಹೋಗುವುದು, ಮತ್ತೆ ಸರಿಮಾಡಿಕೊಳ್ಳುವುದು. ಹೀಗೆ ಮತ್ತೆ ಮತ್ತೆ ಸರಿಮಾಡಿಕೊಳ್ಳುವುದರಿಂದಲೇ ಕೂಸು ಬಹಳ ಕಲಿಯುತ್ತದೆ: ಅವ್ವ ತಿರುಗಿ ನೋಡುತ್ತಾಳೆ ಎಂದು.

ಮನೆಯಲ್ಲಿ ಮಾಡಿ ನೋಡಿ. ಕೂಸು ಹಾಲು ಕುಡಿದು ಎಚ್ಚರವಾಗಿ ಸಮಾಧಾನವಾಗಿರುವಾಗ, ಒಂದು ಗೇಣಿಗಿಂತ ಸ್ವಲ್ಪ ಹೆಚ್ಚು ದೂರದಲ್ಲಿ ಮುಖ ಹಿಡಿಯಿರಿ. ಒಂದು ಮಾತು ಹೇಳಿ. ಆಮೇಲೆ ಸುಮ್ಮನಿದ್ದು ಮನಸ್ಸಿನಲ್ಲೇ ಐದರವರೆಗೆ ಎಣಿಸಿ. ನಾವು ದೊಡ್ಡವರು ಅಷ್ಟು ಕಾಯುವುದಿಲ್ಲ, ಕೂಸಿನ ಸರದಿಯನ್ನೂ ನಾವೇ ತಿಂದುಬಿಡುತ್ತೇವೆ. ಅದು ಮುಖ ಆಚೆ ತಿರುಗಿಸಿದರೆ ಬೇಡವಾಗಿದೆ ಎಂದಲ್ಲ, ಸುಸ್ತಾಗಿದೆ ಎಂದು. ಹಿಂದೆ ಬಿದ್ದು “ಇಲ್ನೋಡು, ಇಲ್ನೋಡು” ಎಂದು ಗಿಲಕಿ ಆಡಿಸಬೇಡಿ. ತಾನಾಗಿ ತಿರುಗುತ್ತದೆ.

ದಿಂಬಂ ಘಾಟ್ ಇಳಿದು ತಿರುಪ್ಪೂರಿಗೆ, ಕೊಯಮತ್ತೂರಿಗೆ ಕೆಲಸಕ್ಕೆ ಹೋಗುವ ಅಪ್ಪಂದಿರು ನಮ್ಮಲ್ಲಿ ಬಹಳ. ಹದಿನೈದು ದಿನಕ್ಕೊಮ್ಮೆ ಬಂದಾಗ ಎಂಟು ತಿಂಗಳ ಮಗು ಅಪ್ಪನನ್ನೇ ನೋಡಿ ಕಿರುಚುತ್ತದೆ. ಎಷ್ಟು ನೋವಾಗುತ್ತದೆಂದು ತರಗತಿಯಲ್ಲಿ ಹೇಳಿಕೊಂಡವರಿದ್ದಾರೆ. ಆ ವಯಸ್ಸಿಗೆ ಮಗುವಿಗೆ ತನ್ನವರು ಯಾರು, ಹೊರಗಿನವರು ಯಾರು ಎಂಬ ಲೆಕ್ಕ ಬಂದಿರುತ್ತದೆ. ಆ ಅಳು ಬುದ್ಧಿ ಬೆಳೆದದ್ದರ ಗುರುತು. ಬಂದ ಕೂಡಲೇ ಎತ್ತಿಕೊಳ್ಳಬೇಡಿ. ಅವ್ವನ ತೊಡೆಯಿಂದಲೇ ಅದು ನಿಮ್ಮನ್ನು ನೋಡಲಿ, ನಿಮ್ಮ ದನಿ ಕೇಳಲಿ. ಒಂದು ವರ್ಷದೊಳಗಿನ ಮಕ್ಕಳನ್ನು ಪರದೆಯ ಮುಂದೆ ಕೂರಿಸಲೇಬೇಡಿ ಎಂದು ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ಹೇಳಿದೆ. ಆದರೆ ಮನೆಯವರ ಜೊತೆಗಿನ ವಿಡಿಯೋ ಕಾಲ್ ಬೇರೆ ಎಂದು ಅಮೆರಿಕದ ಮಕ್ಕಳ ವೈದ್ಯರ ಸಂಘ 2016ರಲ್ಲೇ ವಿನಾಯಿತಿ ಕೊಟ್ಟಿದೆ. ಆ ಕಡೆಯಿಂದ ಅಪ್ಪ ಉತ್ತರ ಕೊಡುತ್ತಾರಲ್ಲ. ಕಾರ್ಟೂನು ಉತ್ತರ ಕೊಡುವುದಿಲ್ಲ.

ಇದೇ ಕಾರಣಕ್ಕೆ, ಪೂಜೆ ಮುಗಿದ ಮೇಲೆ ಅಂಗಳದಲ್ಲಿ ಮಗುವನ್ನು ಕೈಯಿಂದ ಕೈಗೆ ದಾಟಿಸುವುದನ್ನು ಸ್ವಲ್ಪ ಕಡಿಮೆ ಮಾಡೋಣ. ಅತ್ತರೆ “ಯಾರ ಹತ್ತಿರವೂ ಹೋಗಲ್ಲ, ಅವ್ವ ಅಭ್ಯಾಸ ಮಾಡಿಸಿಲ್ಲ” ಎಂದು ತಾಯಿಯನ್ನು ಅನ್ನುವುದನ್ನು ಪೂರ್ತಿ ಬಿಡೋಣ.

ಒಂದು ವರ್ಷದ ಹೊತ್ತಿಗೆ ಮಗು ಇನ್ನೊಂದು ವಿದ್ಯೆ ಕಲಿತಿರುತ್ತದೆ. ಹೊಸದು ಏನಾದರೂ ಕಂಡರೆ ಮೊದಲು ನಮ್ಮ ಮುಖ ನೋಡುತ್ತದೆ. 1985ರಲ್ಲಿ ಪ್ರಕಟವಾದ ಒಂದು ಪ್ರಯೋಗದಲ್ಲಿ ಗಾಜು ಹಾಸಿದ ಮೇಜಿನ ಮೇಲೆ ಒಂದು ವರ್ಷದ ಮಕ್ಕಳನ್ನು ಬಿಟ್ಟರು. ಗಾಜಿನ ಕೆಳಗೆ ನಡುವಿನಿಂದ ಒಂದು ಅಡಿ ತಗ್ಗು ಕಾಣುತ್ತದೆ, ಆಚೆ ಬದಿಯಲ್ಲಿ ತಾಯಿ. ತಾಯಿ ನಗುಮುಖ ಮಾಡಿದಾಗ 19 ಮಕ್ಕಳಲ್ಲಿ 14 ದಾಟಿ ಬಂದವು. ಹೆದರಿದ ಮುಖ ಮಾಡಿದಾಗ 17ರಲ್ಲಿ ಒಂದೂ ದಾಟಲಿಲ್ಲ. ಹಬ್ಬದ ತೇರಿನ ಮುಂದೆ ಪಟಾಕಿ ಸಿಡಿದಾಗ ಮಗು ತೇರನ್ನು ನೋಡುತ್ತದೋ ನಿಮ್ಮನ್ನು ನೋಡುತ್ತದೋ ಗಮನಿಸಿ.

ಕೆಲವು ಗುರುತುಗಳು ಕಂಡರೆ “ನಿಧಾನವಾಗಿ ಬರುತ್ತೆ” ಎಂದು ಕೂರದೆ ಡಾಕ್ಟರಿಗೆ ತೋರಿಸಿ: ಮೂರು ತಿಂಗಳಾದರೂ ನಮ್ಮನ್ನು ನೋಡಿ ನಗದಿದ್ದರೆ, ಜೋರು ಸದ್ದಿಗೂ ಬೆಚ್ಚದಿದ್ದರೆ, ವರ್ಷ ತುಂಬುತ್ತಾ ಬಂದರೂ ಹೆಸರು ಕರೆದಾಗ ತಿರುಗದಿದ್ದರೆ, ಟಾಟಾ ಮಾಡುವುದು ಬೆರಳು ತೋರಿಸುವುದು ಯಾವುದೂ ಇಲ್ಲದಿದ್ದರೆ, ಕಲಿತಿದ್ದನ್ನು ಬಿಟ್ಟುಬಿಟ್ಟರೆ. ತಿಂಗಳು ತುಂಬುವ ಮುಂಚೆ ಹುಟ್ಟಿದ ಕೂಸಾದರೆ ಹುಟ್ಟಬೇಕಾಗಿದ್ದ ದಿನದಿಂದ ಲೆಕ್ಕ ಹಾಕಿ. ಕಿವಿಯ ತೊಂದರೆ ಇದ್ದರೆ ಬೇಗ ಗೊತ್ತಾದಷ್ಟೂ ಒಳ್ಳೆಯದು.

ಕೂಸು ಅತ್ತರೆ ದೇವಾಲಯದಲ್ಲಿ ತಾಯಿಯ ಕಡೆ ತಿರುಗಿ ನೋಡುವವರಿಗೆ ಒಂದು ಮಾತು. 2014ರ ಜನವರಿಯಲ್ಲಿ ಪೋಪ್ ಫ್ರಾನ್ಸಿಸ್ ಸಿಸ್ಟೈನ್ ಪ್ರಾರ್ಥನಾಲಯದಲ್ಲಿ ಜ್ಞಾನಸ್ನಾನ ಕೊಡುವಾಗ, ಕೂಸುಗಳ ಗಲಾಟೆಯೇ ಅಂದಿನ ಒಳ್ಳೆಯ ಗಾಯನ ಎಂಬರ್ಥದಲ್ಲಿ ಮಾತಾಡಿ, ಹಸಿದ ಕೂಸಿಗೆ ಅಲ್ಲೇ ಹಾಲು ಕೊಡಿ ಎಂದು ತಾಯಂದಿರಿಗೆ ಹೇಳಿದ್ದರು. ನಮ್ಮ ಹಿಂದಿನ ಸಾಲಿನ ಬೆಂಚುಗಳು ಸಿಸ್ಟೈನಿಗಿಂತ ದೊಡ್ಡವಲ್ಲ.

ತಂದೆತಾಯಂದಿರ ಮುಂದಿನ ತರಗತಿಗೆ ಬರುವಾಗ ಕೂಸುಗಳನ್ನು ಮನೆಯಲ್ಲಿ ಬಿಡದೆ ಕರೆತನ್ನಿ, ಅಜ್ಜಿಯಂದಿರನ್ನೂ ಕರೆತನ್ನಿ. ನಮಗಿಂತ ಹೆಚ್ಚು ಗೊತ್ತಿರುವುದು ಅವರಿಗೇ. ಬಾಗಿಲ ಬಳಿ ಒಂದು ಬುಟ್ಟಿ ಇಟ್ಟಿರುತ್ತೇವೆ, ಫೋನುಗಳನ್ನು ಅದರಲ್ಲಿ ಹಾಕಿ ಒಳಗೆ ಬನ್ನಿ. ಮೊದಲು ನಮ್ಮವನ್ನು ಹಾಕುತ್ತೇವೆ.