ಹಳೆಯ ಸಾಗಾಣಿಕೆ ವಾಹನದಲ್ಲಿ ಸೋರುವ ಕ್ಲಚ್ ಸಿಲಿಂಡರ್: ಪತ್ತೆ ಮತ್ತು ಬದಲಾವಣೆ

ಅಜ್ಜಂಪುರ, ಶಿವನಿ ಸುತ್ತಿನ ಕಪ್ಪು ಭೂಮಿಯಲ್ಲಿ ಈರುಳ್ಳಿ ಮುಖ್ಯ ಬೆಳೆಗಳಲ್ಲೊಂದು. ಮುಂಗಾರಿನ ಬೆಳೆಯನ್ನು ಕಿತ್ತು, ಒಣಗಿಸಿ, ಚೀಲ ತುಂಬಿದ ಮೇಲೆ ಅದು ಹೊಲದ ಬದುವಿನಲ್ಲಿ ಹೆಚ್ಚು ದಿನ ಕಾಯುವ ಸರಕಲ್ಲ. ಬೆಂಗಳೂರಿನ ಯಶವಂತಪುರ ಮಾರುಕಟ್ಟೆ ಇಲ್ಲಿಂದ 200 ಕಿಲೋಮೀಟರಿಗೂ ಹೆಚ್ಚು ದೂರ. ಇಂಥ ಸಮಯದಲ್ಲಿ ಹಳೆಯ ಪಿಕಪ್ ಅಥವಾ ಮಿನಿ ಲಾರಿಯ ಕ್ಲಚ್ ಕೈಕೊಟ್ಟರೆ ಬಾಡಿಗೆ ವಾಹನಕ್ಕೆ ತೆರುವ ಹಣ ಒಂದು ಕಡೆ, ಮಳೆಗೆ ಸಿಕ್ಕಿ ಕೊಳೆಯುವ ಮಾಲು ಇನ್ನೊಂದು ಕಡೆ. ದೋಷದ ಮೂಲ ಬಹಳ ಸಲ ಅಂಗೈಯಲ್ಲಿ ಹಿಡಿಯುವಷ್ಟು ಚಿಕ್ಕ ಸಿಲಿಂಡರಿನೊಳಗಿನ ರಬ್ಬರ್ ಕಪ್ಪಿನಲ್ಲಿರುತ್ತದೆ. ಅಮೃತಮಹಲ್ ರಾಸುಗಳ ಈ ಸೀಮೆಯ ರೈತರು ಎತ್ತಿನ ಹೆಗಲು ಕೆಂಪಾದಾಗಲೇ ಆರೈಕೆ ಮಾಡುವುದನ್ನು ಬಲ್ಲರು. ವಾಹನಕ್ಕೂ ಅದೇ ಎಚ್ಚರಿಕೆ ಬೇಕು.

ಕೆಲಸ ಮಾಡುವ ಬಗೆ

ಹೆಚ್ಚಿನ ಟ್ರ್ಯಾಕ್ಟರುಗಳಲ್ಲಿ ಕ್ಲಚ್ ಪೆಡಲಿನಿಂದ ಕಬ್ಬಿಣದ ಸರಳು ನೇರವಾಗಿ ಕ್ಲಚ್ಚನ್ನು ಎಳೆಯುತ್ತದೆ. ಅನೇಕ ಪಿಕಪ್ ಮತ್ತು ಮಿನಿ ಲಾರಿಗಳಲ್ಲಿ ಈ ಕೆಲಸವನ್ನು ಬ್ರೇಕ್ ಆಯಿಲ್ ಮಾಡುತ್ತದೆ. ಪೆಡಲ್ ತುಳಿದಾಗ ಮೇಲಿನ ಮಾಸ್ಟರ್ ಸಿಲಿಂಡರಿನ ಪಿಸ್ಟನ್ ಆಯಿಲನ್ನು ಕೊಳವೆಯ ಮೂಲಕ ತಳ್ಳುತ್ತದೆ. ಗೇರ್ ಬಾಕ್ಸಿನ ಪಕ್ಕದ ಸ್ಲೇವ್ ಸಿಲಿಂಡರಿನ ಪಿಸ್ಟನ್ ಆ ಒತ್ತಡದಿಂದ ಹೊರಬಂದು ಪುಶ್ ರಾಡ್ ಮೂಲಕ ಫೋರ್ಕನ್ನು ದೂಡುತ್ತದೆ. ಆಗ ಕ್ಲಚ್ ಬಿಡುತ್ತದೆ.

ಒಂದು ಉದಾಹರಣೆ ನೋಡೋಣ. ಮಾಸ್ಟರ್ ಸಿಲಿಂಡರಿನ ಒಳವ್ಯಾಸ 19 ಮಿ.ಮೀ., ಪಿಸ್ಟನ್ ಚಲನೆ 15 ಮಿ.ಮೀ. ಆದರೆ ಸುಮಾರು 4.25 ಘನ ಸೆಂ.ಮೀ. ಆಯಿಲ್ ಮುಂದೆ ಹೋಗುತ್ತದೆ. 22 ಮಿ.ಮೀ. ವ್ಯಾಸದ ಸ್ಲೇವ್ ಪಿಸ್ಟನ್ ಇದರಿಂದ ಸುಮಾರು 11 ಮಿ.ಮೀ. ಚಲಿಸುತ್ತದೆ. ಸೋರಿಕೆಯಿಂದಾಗಲಿ, ಒಳಸೇರಿದ ಗಾಳಿಯಿಂದಾಗಲಿ ಕೇವಲ 1 ಘನ ಸೆಂ.ಮೀ. ನಷ್ಟವಾದರೆ ಚಲನೆ 8.5 ಮಿ.ಮೀ.ಗೆ ಇಳಿಯುತ್ತದೆ. ಕ್ಲಚ್ ಪೂರ್ತಿ ಬಿಡದೆ ಗೇರಿನ ಹಲ್ಲುಗಳು ಕಿರುಗುಟ್ಟಲು ಇಷ್ಟು ಸಾಕು.

ಸೋರಿಕೆಗೆ ಕಾರಣ

ಬ್ರೇಕ್ ಆಯಿಲ್ ಗಾಳಿಯ ತೇವವನ್ನು ಹೀರಿಕೊಳ್ಳುತ್ತದೆ. ವರ್ಷಗಟ್ಟಲೆ ಬದಲಾಯಿಸದಿದ್ದರೆ ಈ ನೀರಿನಿಂದ ಸಿಲಿಂಡರಿನ ಒಳಮೈ ತುಕ್ಕು ಹಿಡಿದು ಕುಳಿ ಬೀಳುತ್ತದೆ. ಕುಳಿಯ ಮೇಲೆ ಉಜ್ಜುವ ರಬ್ಬರ್ ಕಪ್ ಸವೆದು ಸೋರತೊಡಗುತ್ತದೆ. ಹೊರಗಿನ ರಬ್ಬರ್ ಮುಸುಕು ಹರಿದಿದ್ದರೆ ಕೆಸರು, ದೂಳು ಒಳಹೊಕ್ಕು ಸವೆತ ಹೆಚ್ಚುತ್ತದೆ. ಬ್ರೇಕ್ ಆಯಿಲ್ ಬದಲು ಎಂಜಿನ್ ಆಯಿಲ್ ಹಾಕಿದರೆ ಕಪ್ಪುಗಳು ಊದಿಕೊಂಡು ಎರಡೂ ಸಿಲಿಂಡರುಗಳು ಕೆಡುತ್ತವೆ.

ದೋಷ ಪತ್ತೆ

ಪೆಡಲ್ ಮೆತ್ತಗಾಗುವುದು, ತುಳಿದು ಹಿಡಿದಾಗ ನಿಧಾನವಾಗಿ ಕೆಳಗಿಳಿಯುವುದು, ರಿವರ್ಸ್ ಗೇರ್ ಬೀಳುವಾಗ ಶಬ್ದವಾಗುವುದು, ಎರಡು ಮೂರು ಸಲ ತುಳಿದರೆ ಮಾತ್ರ ಗೇರ್ ಬೀಳುವುದು, ಡಬ್ಬಿಯ ಆಯಿಲ್ ಮಟ್ಟ ಇಳಿಯುವುದು ಇವು ಮುಖ್ಯ ಚಿಹ್ನೆಗಳು.

ಸ್ಲೇವ್ ಸಿಲಿಂಡರಿನ ರಬ್ಬರ್ ಮುಸುಕನ್ನು ಎತ್ತಿ ನೋಡಿರಿ. ಒಳಗೆ ಆಯಿಲ್ ತೊಟ್ಟಿಕ್ಕಿದರೆ ದೋಷ ಅಲ್ಲಿದೆ. ಚಾಲಕನ ಕಾಲಬುಡದಲ್ಲಿ ಪೆಡಲಿನ ಮೇಲ್ಭಾಗ ಒದ್ದೆಯಾಗಿದ್ದರೆ ಮಾಸ್ಟರ್ ಸಿಲಿಂಡರ್ ಸೋರುತ್ತಿದೆ. ಹೊರಗೆ ಎಲ್ಲಿಯೂ ಸೋರದೆ ಪೆಡಲ್ ಮಾತ್ರ ಇಳಿದರೆ ಮಾಸ್ಟರ್ ಸಿಲಿಂಡರಿನೊಳಗೆ ಆಯಿಲ್ ಹಿಂದಕ್ಕೆ ಸರಿಯುತ್ತಿರಬಹುದು. ಪುಶ್ ರಾಡ್ ಸರಿಯಾಗಿ ಚಲಿಸಿಯೂ ಗೇರ್ ಕಿರುಗುಟ್ಟಿದರೆ ದೋಷ ಕ್ಲಚ್ಚಿನೊಳಗಿದೆ. ಸಿಲಿಂಡರ್ ಬದಲಾಯಿಸಿ ಪ್ರಯೋಜನವಿಲ್ಲ.

ಕೆಲವು ವಾಹನಗಳಲ್ಲಿ ಕ್ಲಚ್ಚಿಗೂ ಬ್ರೇಕಿಗೂ ಒಂದೇ ಆಯಿಲ್ ಡಬ್ಬಿ ಇರುತ್ತದೆ. ಅಂಥ ವಾಹನದಲ್ಲಿ ಕ್ಲಚ್ ಸೋರಿಕೆಯನ್ನು ಒಂದು ದಿನವೂ ಉದಾಸೀನ ಮಾಡಬಾರದು.

ಬೇಕಾಗುವ ಸಾಮಗ್ರಿ

ಅದೇ ಮಾದರಿಯ ಹೊಸ ಸ್ಲೇವ್ ಸಿಲಿಂಡರ್, ಹೊಸ ತಾಮ್ರದ ವಾಷರ್, ಡಬ್ಬಿಯ ಮುಚ್ಚಳದ ಮೇಲೆ ನಮೂದಿಸಿದ ದರ್ಜೆಯ ಬ್ರೇಕ್ ಆಯಿಲ್ (ಒಡೆಯದ ಹೊಸ ಡಬ್ಬಿ), ಸರಿಯಾದ ಅಳತೆಯ ಸ್ಪ್ಯಾನರುಗಳು, ಪಾರದರ್ಶಕ ಪ್ಲಾಸ್ಟಿಕ್ ನಳಿಗೆ, ಗಾಜಿನ ಶೀಶೆ, ಶುಭ್ರವಾದ ಬಟ್ಟೆ. ಒಳಮೈ ನುಣುಪಾಗಿದ್ದರೆ ರಬ್ಬರ್ ಕಿಟ್ ಮಾತ್ರ ಹಾಕಬಹುದು. ಉಗುರಿಗೆ ತಗಲುವಷ್ಟು ಕುಳಿ ಇದ್ದರೆ ಇಡೀ ಸಿಲಿಂಡರ್ ಬದಲಾಯಿಸುವುದೇ ಲಾಭ.

ಬದಲಾಯಿಸುವ ಕ್ರಮ

1. ಬರಿದಾದ ವಾಹನವನ್ನು ಸಮತಟ್ಟಾದ ಗಟ್ಟಿ ನೆಲದಲ್ಲಿ ನಿಲ್ಲಿಸಿ, ಎಂಜಿನ್ ಆರಿದ ಮೇಲೆ ಕೈಬ್ರೇಕ್ ಎಳೆದು, ಚಕ್ರಗಳಿಗೆ ಅಡ್ಡಗಟ್ಟೆ ಕೊಡಬೇಕು. ಬ್ಯಾಟರಿಯ ಋಣ ತಂತಿ ಬಿಚ್ಚಬೇಕು. ಬರೀ ಜಾಕಿಯ ಆಧಾರದಲ್ಲಿ ನಿಂತ ವಾಹನದ ಕೆಳಗೆ ಎಂದಿಗೂ ಹೋಗಬಾರದು.

2. ಸಿಲಿಂಡರಿನ ಸುತ್ತಲ ಮಣ್ಣು, ಜಿಡ್ಡು ಒರೆಸಿ, ಕೆಳಗೆ ಪಾತ್ರೆ ಇಡಬೇಕು.

3. ಸಿಲಿಂಡರ್ ಬೋಲ್ಟಿನಲ್ಲಿ ಭದ್ರವಾಗಿರುವಾಗಲೇ ಕೊಳವೆಯ ನಟ್ಟನ್ನು ಸಡಿಲಿಸಬೇಕು. ರಬ್ಬರ್ ಹೋಸ್ ಇದ್ದರೆ ಅದನ್ನು ತಿರುಚಬಾರದು. ಬಿಚ್ಚಿದ ಬಾಯಿಗೆ ಶುಭ್ರವಾದ ಬಿರಡೆ ಹಾಕಬೇಕು.

4. ಬೋಲ್ಟುಗಳನ್ನು ಬಿಚ್ಚಿ ಸಿಲಿಂಡರ್ ತೆಗೆಯಬೇಕು. ಪುಶ್ ರಾಡ್ ಕೂಡಿಸಿದ್ದ ರೀತಿಯನ್ನು ಗುರುತಿಟ್ಟುಕೊಳ್ಳಬೇಕು. ಈ ಹಂತದಲ್ಲಿ ಯಾರೂ ಪೆಡಲ್ ತುಳಿಯಕೂಡದು.

5. ಹಳೆಯದನ್ನೂ ಹೊಸದನ್ನೂ ಜೊತೆಗಿಟ್ಟು ಒಳವ್ಯಾಸ, ಬೋಲ್ಟ್ ರಂಧ್ರಗಳ ಅಂತರ, ಕೊಳವೆಯ ಮರೆ ತಾಳೆ ನೋಡಬೇಕು. ಒಳವ್ಯಾಸ ಬೇರೆಯಾದರೆ ಚಲನೆಯೂ ಬೇರೆಯಾಗುತ್ತದೆ.

6. ಗಾಳಿ ತೆಗೆಯುವ ನಿಪ್ಪಲ್ ಮೇಲ್ಮುಖವಾಗಿರುವಂತೆ ಹೊಸ ಸಿಲಿಂಡರನ್ನು ಕೂರಿಸಬೇಕು. ನಟ್ಟನ್ನು ಮೊದಲು ಕೈಬೆರಳಿನಿಂದ ತಿರುಗಿಸಿ, ಮರೆ ಸರಿಯಾಗಿ ಹಿಡಿದ ಮೇಲೆ ಸ್ಪ್ಯಾನರ್ ಹಾಕಬೇಕು. ಸಿಲಿಂಡರಿನೊಳಗೆ ಗ್ರೀಸ್ ಹಚ್ಚಬಾರದು.

ಗಾಳಿ ತೆಗೆಯುವುದು

ಇದಕ್ಕೆ ಇಬ್ಬರು ಬೇಕು. ಗೇರನ್ನು ನ್ಯೂಟ್ರಲ್‌ನಲ್ಲಿಟ್ಟು ಆಯಿಲ್ ಡಬ್ಬಿ ತುಂಬಿಸಿರಿ. ನಿಪ್ಪಲಿಗೆ ನಳಿಗೆ ತೊಡಿಸಿ, ಇನ್ನೊಂದು ತುದಿಯನ್ನು ಶೀಶೆಯಲ್ಲಿರುವ ಸ್ವಲ್ಪ ಬ್ರೇಕ್ ಆಯಿಲಿನಲ್ಲಿ ಮುಳುಗಿಸಿರಿ. ಒಬ್ಬರು ಪೆಡಲನ್ನು ನಿಧಾನವಾಗಿ ತುಳಿದು ಹಿಡಿಯಲಿ. ಕೆಳಗಿರುವವರು ನಿಪ್ಪಲನ್ನು ಅರ್ಧ ಸುತ್ತು ಸಡಿಲಿಸಿ, ಆಯಿಲ್ ಹೊರಬಂದ ಕೂಡಲೇ ಬಿಗಿಯಬೇಕು. ಬಿಗಿದೆನೆಂದು ಹೇಳಿದ ಮೇಲೆಯೇ ಪೆಡಲಿನಿಂದ ಕಾಲು ತೆಗೆಯಬೇಕು. ಗುಳ್ಳೆ ನಿಲ್ಲುವವರೆಗೆ ಹೀಗೆ ಮಾಡಿರಿ. ಡಬ್ಬಿ ಬರಿದಾದರೆ ಮತ್ತೆ ಗಾಳಿ ಹೊಕ್ಕು ಎಲ್ಲವನ್ನೂ ಮೊದಲಿನಿಂದ ಮಾಡಬೇಕಾಗುತ್ತದೆ. ಹೊರಬಂದ ಆಯಿಲನ್ನು ಪುನಃ ಬಳಸಬಾರದು.

ಪುಶ್ ರಾಡ್ ತಿರುಪು ಇರುವ ವಾಹನಗಳಲ್ಲಿ ಕೈಪಿಡಿಯಂತೆ ಸಡಿಲು ಹೊಂದಿಸಬೇಕು. ಸಡಿಲು ಇಲ್ಲದಂತೆ ಬಿಗಿದರೆ ಕ್ಲಚ್ ಜಾರಿ ಪ್ಲೇಟ್ ಸುಡುತ್ತದೆ.

ಪರೀಕ್ಷೆ

ಪೆಡಲನ್ನು 2 ನಿಮಿಷ ತುಳಿದು ಹಿಡಿದು ಎಲ್ಲ ಜೋಡಣೆಗಳನ್ನು ಒಣ ಬಟ್ಟೆಯಿಂದ ಒರೆಸಿ ನೋಡಿರಿ. ಬ್ಯಾಟರಿ ತಂತಿ ಕೂಡಿಸಿ, ಎಂಜಿನ್ ನಡೆಯುವಾಗ ಪೆಡಲ್ ತುಳಿದು 5 ಸೆಕೆಂಡು ಕಾದು ರಿವರ್ಸ್ ಹಾಕಿದರೆ ಶಬ್ದ ಬರಬಾರದು. ಮರುದಿನ ಬೆಳಿಗ್ಗೆ ಆಯಿಲ್ ಮಟ್ಟ ನೋಡಿದ ನಂತರವೇ ಭಾರ ಹೇರತಕ್ಕದ್ದು. ಹಳೆಯ ಮಾಸ್ಟರ್ ಸಿಲಿಂಡರಿಗೂ ಅಷ್ಟೇ ವಯಸ್ಸಾಗಿರುವುದರಿಂದ ಅದರ ಮೇಲೆ ಒಂದು ವಾರ ಕಣ್ಣಿಡಬೇಕು.

ಎಚ್ಚರಿಕೆಗಳು

ಬ್ರೇಕ್ ಆಯಿಲ್ ಕಣ್ಣಿಗೆ ಬಿದ್ದರೆ ಧಾರಾಳ ನೀರಿನಿಂದ ತೊಳೆದು ವೈದ್ಯರಿಗೆ ತೋರಿಸಬೇಕು. ಬಣ್ಣದ ಮೇಲೆ ಚೆಲ್ಲಿದರೆ ತಕ್ಷಣ ನೀರು ಸುರಿಯಬೇಕು. ಹಳೆಯ ಆಯಿಲನ್ನು ಹೊಲಕ್ಕೂ ಬಾವಿಯ ಬಳಿಗೂ ಚೆಲ್ಲದೆ ಗ್ಯಾರೇಜಿಗೆ ಕೊಡಬೇಕು. ಹೊರಗೆ ಸಿಲಿಂಡರ್ ಕಾಣದೆ ಗೇರ್ ಬಾಕ್ಸಿನೊಳಗೇ ಇರುವ ಮಾದರಿಯಾದರೆ ಕೆಲಸವನ್ನು ನುರಿತ ಮೆಕ್ಯಾನಿಕ್‌ಗೆ ಬಿಡುವುದು ಕ್ಷೇಮ.

ಮುಂಗಾರಿಗೆ ಮುನ್ನ ಕೂರಿಗೆ ಸರಿಮಾಡಿಕೊಳ್ಳುವಂತೆ, ಈರುಳ್ಳಿ ಕೀಳುವುದಕ್ಕೆ 15 ದಿನ ಮೊದಲೇ ವಾಹನದ ಕೆಳಗೆ ಒಮ್ಮೆ ಬಾಗಿ ನೋಡಿರಿ. ಆಗ ಬಿಡುವೂ ಇರುತ್ತದೆ, ಬಿಡಿಭಾಗ ಹುಡುಕಲು ಕಡೂರು, ತರೀಕೆರೆಗೆ ಹೋಗಿಬರುವ ವ್ಯವಧಾನವೂ ಇರುತ್ತದೆ.