ಹತ್ತರವರೆಗೆ ಹೇಳುವುದೇ ಎಣಿಕೆಯಲ್ಲ

ದೊಡ್ಡಬಳ್ಳಾಪುರದ ಸಹೋದರಿಯವರೇ, ಹತ್ತರವರೆಗೆ ಪಟಪಟನೆ ಹೇಳುವ ನಿಮ್ಮ ಮೂರು ವರ್ಷದ ಮಗಳು ಪುಸ್ತಕದ ನಾಲ್ಕು ಕೋಳಿ ಎಣಿಸಲು ತಡವರಿಸಿದರೆ ಗಾಬರಿ ಬೇಡ. ಬಾಯಿಪಾಠವೇ ಬೇರೆ, ಕೊನೆಗೆ ಹೇಳಿದ ಸಂಖ್ಯೆಯೇ ಒಟ್ಟು ಎಂಬ ಅರಿವೇ ಬೇರೆ. ಆ ಅರಿವು ಸುಮಾರು ಮೂರೂವರೆ ವರ್ಷಕ್ಕೆ ಮೂಡುತ್ತದೆಂದು ಮನಶ್ಶಾಸ್ತ್ರಜ್ಞೆ ಕರೆನ್ ವಿನ್ ಅವರ 1990ರ ಅಧ್ಯಯನ ತೋರಿಸಿತು. ಆದ್ದರಿಂದ ಒಂದೊಂದು ಕೋಳಿಯ ಮೇಲೂ ಅವಳ ಬೆರಳಿಡಿಸಿ ಎಣಿಸಿ, ‘ಒಟ್ಟು ಎಷ್ಟಾಯ್ತು?’ ಎಂದು ಕೇಳಿ. ಆಮೇಲೆ ಅಷ್ಟೇ ಹುಣಸೆಬೀಜ ಎತ್ತಿಕೊಡಲು ಹೇಳಿ. ‘ಮನೆಯಲ್ಲೇ ಹಸು, ಕೋಳಿ ಇರುವಾಗ ಪುಸ್ತಕವೇಕೆ?’ ಎನ್ನುತ್ತಾರಂತೆ ನಿಮ್ಮ ಅತ್ತೆಯವರು. ಅಂಗಳದ ಕೋಳಿ ಎಣಿಸಿ ಮುಗಿಯುವವರೆಗೆ ನಿಲ್ಲುವುದಿಲ್ಲ, ಚಿತ್ರದ್ದು ನಿಲ್ಲುತ್ತದೆ. ಬಣ್ಣ ಕಲಿಸುವ ಮಾತಿಗೆ ಬಂದರೆ ಮಾತ್ರ ಅವರು ಹೇಳಿದ್ದೇ ಸರಿ: ಹಳ್ಳಿಕಾರ್ ಎತ್ತಿನ ಬೂದು, ಸೀಮೆಹಸುವಿನ ಕಪ್ಪುಬಿಳುಪು ಕೊಟ್ಟಿಗೆಯಲ್ಲೇ ಚೆನ್ನಾಗಿ ಕಾಣುತ್ತವೆ. ಪ್ರಥಮ್ ಬುಕ್ಸ್‌ನ ಸ್ಟೋರಿವೀವರ್ ಜಾಲತಾಣದಲ್ಲಿ ಕನ್ನಡ ಚಿತ್ರಪುಸ್ತಕಗಳು ಉಚಿತವಾಗಿ ಸಿಗುತ್ತವೆ. ಎಣಿಕೆಯಲ್ಲಿ ಸದ್ಯಕ್ಕೆ ಐದರಾಚೆ ಹೋಗಬೇಡಿ.