ಪದಕದ ಆಸೆ: ಒಂದು ಕಳೆಯುವ ಲೆಕ್ಕ

ಒಲಿಂಪಿಕ್ಸ್ ಬಂತೆಂದರೆ ನಮ್ಮ ಮನೆಯಲ್ಲಿ ಎಲ್ಲರ ಬಾಯಲ್ಲೂ 'ಉಮೀದ್'. ಅದನ್ನು ಮೀಟರಿನಲ್ಲೂ ಅಳೆಯಬಹುದು. ಮೈಸೂರಿನಲ್ಲಿ ಹುಟ್ಟಿದ ವಿಕಾಸ್ ಗೌಡ 2012ರಲ್ಲಿ ಡಿಸ್ಕಸ್ಸನ್ನು 66.28 ಮೀಟರ್ ಎಸೆದು, ರಾಷ್ಟ್ರೀಯ ದಾಖಲೆ ಮಾಡಿ, ಲಂಡನ್‌ಗೆ ಹೋದರು. ಫೈನಲ್‌ನಲ್ಲಿ 64.79, ಎಂಟನೇ ಸ್ಥಾನ. (ಎರಡು ಕೆಜಿ ತಟ್ಟೆ ಎಸೆಯುವುದರಲ್ಲಿ ಜಗತ್ತಿಗೆ ಎಂಟನೆಯವರು! ಇದನ್ನು ನಷ್ಟದ ಕಡೆ ಬರೆಯಲು ನಾನಂತೂ ಒಪ್ಪುವುದಿಲ್ಲ.) ಕಂಚು ಸಿಕ್ಕಿದ್ದು 68.03ಕ್ಕೆ. ಈಗ ಕಳೆಯಿರಿ: ತಮ್ಮ ದಾಖಲೆಯಷ್ಟೇ ದೂರ ಎಸೆದಿದ್ದರೂ 1.75 ಮೀಟರ್ ಕಡಿಮೆ. ಕಾಲೇಜು ಮೈದಾನದಲ್ಲಿ ಟೇಪು ಹಿಡಿದರೆ ಒಬ್ಬ ಆಳು ಮಲಗಿದಷ್ಟು ಉದ್ದ. ಚಿನ್ನಕ್ಕೂ ಕಂಚಿಗೂ ನಡುವೆ ಇದ್ದದ್ದು ಬರೀ 24 ಸೆಂಟಿಮೀಟರ್. ಮುಂದಿನ ಸಲ 'ಪದಕ ಖಂಡಿತ' ಅನ್ನುವ ಮೊದಲು ಆಟಗಾರರ ಆ ವರ್ಷದ ಅತ್ಯುತ್ತಮ ಅಂಕಿಯನ್ನೂ ಹಿಂದಿನ ಒಲಿಂಪಿಕ್ಸ್‌ನ ಕಂಚಿನ ಅಂಕಿಯನ್ನೂ ಪಕ್ಕಪಕ್ಕ ಬರೆದು ನೋಡಿ.